ಗೌರಿಯ ಕಾಶೀವಾಸ

ಆಗ ನನಗೆ ಹತ್ತು ವರ್ಷ. ಈಗ ಎಪ್ಪತ್ತೆರಡು. ನಡುವಿನ ಅರವತ್ತೆರಡು ವರ್ಷ ಎಲ್ಲಿ ಹೋಯಿತು ಅಂತ ಯಾರೂ ಕೇಳಬೇಡಿ, ಅಡಿಗೆಮನೆಯಲ್ಲಿ ಹೋಯಿತು. ಅಮ್ಮ ಇರಲಿಲ್ಲ, ಅಪ್ಪ ಇದ್ದೂ ಇರಲಿಲ್ಲ, ಅದಕ್ಕೆ ಸೋದರಮಾವ ನನ್ನನ್ನು ಕಾಶಿಗೆ ತಂದಿಟ್ಟುಕೊಂಡಿದ್ದರು. ಶಿವಾಲದ ಗಲ್ಲಿಯೊಳಗೆ ಮನೆ. ನಡುವೆ ಕಲ್ಲು ಹಾಸಿದ ಅಂಗಳ, ಸುತ್ತಲೂ ಮೂರು ಅಂತಸ್ತು, ಮೇಲೆ ಮಂಗಗಳು ಇಳಿಯದ ಹಾಗೆ ಕಬ್ಬಿಣದ ಜಾಲರಿ. ಕೆಳಗೆ ಅಡಿಗೆ ಮತ್ತು ಶ್ರಾದ್ಧದ ಪಡಸಾಲೆ. ನಡುವಿನ ಅಂತಸ್ತಿನಲ್ಲಿ ಯಾತ್ರಿಕರ ಕೋಣೆಗಳು. ಮಾವ ನಮ್ಮ ಕಡೆಯಿಂದ ಬಂದವರಿಗೆ ಪಿಂಡ, ತರ್ಪಣ ಮಾಡಿಸುತ್ತಿದ್ದರು. ಹಾಗಾಗಿ ನಮ್ಮ ಮನೆಗೆ ಬರುವವರೆಲ್ಲ ಸತ್ತವರ ಕೆಲಸಕ್ಕೆ ಬರುವವರು. ಬರುತ್ತಿದ್ದರು, ತಲೆ ಬೋಳಿಸಿಕೊಳ್ಳುತ್ತಿದ್ದರು, ಒಂದು ಹೊತ್ತು ಅಳುತ್ತಿದ್ದರು, ಸಂಜೆ ಬನಾರಸಿ ಸೀರೆ ಕೊಳ್ಳಲು ಹೋಗುತ್ತಿದ್ದರು, ಆಮೇಲೆ ಗಂಗೆಯ ತಂಬಿಗೆ ಕಟ್ಟಿಕೊಂಡು ರಿಕ್ಷಾ ಹತ್ತುತ್ತಿದ್ದರು. ಅವರ ಜೊತೆ ಮಕ್ಕಳೂ ಬರುತ್ತಿದ್ದವು. ಮೊದಮೊದಲು ನಾನು ಆ ಮಕ್ಕಳ ಹೆಸರು ಕೇಳುತ್ತಿದ್ದೆ. ಕೇಳಿದರೆ ಮಗು ಹೋದ ಮೇಲೆ ಹೆಸರು ಮಾತ್ರ ಮನೆಯಲ್ಲಿ ಉಳಿದುಬಿಡುತ್ತದೆ. ಕೇಳುವುದನ್ನು ಬಿಟ್ಟೆ. ಹೊರಗೆ ಗಲ್ಲಿಯ ಮಕ್ಕಳು ನನ್ನ ಹಿಂದಿಗೆ ನಕ್ಕು ‘ಮದ್ರಾಸಿನ್’ ಅನ್ನುತ್ತಿದ್ದವು. ಮದ್ರಾಸು ಯಾವ ದಿಕ್ಕಿಗಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಊಟಕ್ಕೆ ಕೊರತೆ ಇರಲಿಲ್ಲ. ಬೇರೆ ಮಕ್ಕಳು ಹಬ್ಬ ಬಂದರೆ ವಡೆ ಪಾಯಸ ತಿನ್ನುತ್ತವೆ. ನಾನು ಊರವರ ತಿಥಿಯ ವಡೆ ತಿಂದು ಬೆಳೆದವಳು.

ಹಿಂತಿರುಗಿ ಹೋಗದೆ ಉಳಿಯಲು ಆ ಮನೆಗೆ ಬಂದದ್ದು ಇಬ್ಬರೇ. ಮೈಸೂರಿನ ಕಡೆಯ ಒಬ್ಬ ಅಜ್ಜಿ, ಮತ್ತೆ ಅವರ ಬೆಕ್ಕು. ಅಜ್ಜಿ ಸಾಯುವುದಕ್ಕೆ ಬಂದವರು. ಹಾಗೆ ಬರುವುದು ಆಗ ಮಾಮೂಲು, ಕಾಶೀವಾಸ ಅನ್ನುತ್ತಿದ್ದರು. ಕೆಂಪು ಸೀರೆ, ಬೋಳು ತಲೆ, ನೆಟ್ಟಗಿನ ಬೆನ್ನು. ಗಂಗೆಯ ಎದುರು ನಿಂತು, ಇನ್ನು ಉಸಿರಿರುವ ತನಕ ಈ ಕ್ಷೇತ್ರದ ಗಡಿ ದಾಟುವುದಿಲ್ಲ ಅಂತ ಸಂಕಲ್ಪ ಮಾಡಿದ್ದರು. ಮಾವ ಮಹಡಿಯ ಮೇಲಿನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟರು. ಸಾಮಾನು ಇಳಿಸುವಾಗ ಒಂದು ಬೆತ್ತದ ಬುಟ್ಟಿ ಅಲುಗಾಡಿತು.

"ಇದೇನಮ್ಮ ಬುಟ್ಟೀಲಿ?" ಅಂದರು ಮಾವ.

"ಗೌರಿ. ಜಾತಿ ಬೆಕ್ಕು."

"ಯಾವ ಜಾತಿ?"

"ಪರ್ಷಿಯನ್ನು."

ಮಾವ ಸ್ವಲ್ಪ ಯೋಚಿಸಿದರು. "ಅಂದ್ರೆ ನಮ್ಮೋರಲ್ಲ."

"ಕಾಶೀಲಿ ಸತ್ತರೆ ಹುಳಕ್ಕೂ ಮುಕ್ತಿ ಅಂತ ಈಗ ತಾನೇ ಘಾಟಿನಲ್ಲಿ ಹೇಳಿದ್ರಿ. ಬೆಕ್ಕಿಗೆ ಬೇರೆ ಶಾಸ್ತ್ರ ಇದೆಯೋ?"

ಅತ್ತೆ ಅಡಿಗೆಮನೆಯಿಂದಲೇ ಕೂಗಿದರು: "ಇರಲಿ ಬಿಡಿ ಅಂದ್ರೆ. ಅಕ್ಕಿ ಕೋಣೇಲಿ ಇಲಿ ಕುಣೀತಿವೆ."

ಇಲಿ ಹಿಡಿಯುವ ಬೆಕ್ಕೇ ಅದು? ಬುಟ್ಟಿಯಿಂದ ಹೊರಬಂದದ್ದನ್ನು ನೋಡಿ ನಾನು ಮೊದಲು ಅದಕ್ಕೆ ಏನೋ ಏಟು ಬಿದ್ದಿದೆ ಅಂದುಕೊಂಡೆ. ಬಾಗಿಲಿಗೆ ಮುಖ ಹೊಡೆಸಿಕೊಂಡ ಹಾಗೆ ಮೂಗು ಒಳಗೆ ಹೋಗಿತ್ತು. ಮೈಯೆಲ್ಲ ಬಿಳಿ, ಅರಳೆಯ ಮೂಟೆ ಬಿಚ್ಚಿದ ಹಾಗೆ ಕೂದಲು. ಕಣ್ಣು ನೀಲಿ. ಉಸಿರಾಡಿದರೆ ಗೊರಗೊರ ಸದ್ದು. ಕಣ್ಣಿನಿಂದ ಸದಾ ನೀರು ಇಳಿದು ಮೂಗಿನ ಪಕ್ಕ ಕಂದು ಗೆರೆ ಕಟ್ಟುತ್ತಿತ್ತು. ಅದನ್ನು ಬೆಚ್ಚಗಿನ ನೀರಿನ ಬಟ್ಟೆಯಿಂದ ದಿನಾ ಒರೆಸಬೇಕು. ಕೂದಲು ದಿನಾ ಬಾಚಬೇಕು, ಒಂದು ದಿನ ಬಿಟ್ಟರೆ ಹೊಟ್ಟೆಯಡಿ ಗಂಟು ಕಟ್ಟಿ ಚರ್ಮ ಎಳೆಯುತ್ತದೆ. ಬಾಚದೆ ಬಿಟ್ಟ ಕೂದಲನ್ನು ಅದೇ ನೆಕ್ಕಿ ನುಂಗಿ, ಉಂಡೆ ಕಟ್ಟಿ ಕಕ್ಕುತ್ತದೆ. ಬೇಸಗೆಯಲ್ಲಿ ಲೂ ಅನ್ನುವ ಬಿಸಿಗಾಳಿ ಬೀಸಿದರೆ ಆ ಚಪ್ಪಟೆ ಮೂಗಿನಲ್ಲಿ ಉಸಿರು ಹೋಗದೆ ಬಾಯಿ ತೆರೆಯುತ್ತದೆ, ಆಗ ಒದ್ದೆ ಚೀಲದ ಮೇಲೆ ಮಲಗಿಸಬೇಕು. ಅಜ್ಜಿಯ ಬೆರಳು ಸಂದುವಾತಕ್ಕೆ ತಿರುಚಿಕೊಂಡಿದ್ದವು. ಈ ಚಾಕರಿಯೆಲ್ಲ ನನ್ನ ಪಾಲಿಗೆ ಬಂತು. ಅತ್ತೆ ಬೇಡ ಅನ್ನಲಿಲ್ಲ, ನಾನು ಕಣ್ಣಿಗೆ ಬೀಳದಿದ್ದರೆ ಅವರಿಗೆ ಅದೇ ನೆಮ್ಮದಿ. ಇಲಿಗಳು ಅದರ ಮುಂದೆಯೇ ಓಡುತ್ತಿದ್ದವು. ಗೌರಿ ಅವನ್ನು ದೊಡ್ಡ ಮನೆಯವರು ಬೀದಿಯ ಗಲಾಟೆ ನೋಡುವ ಹಾಗೆ ನೋಡುತ್ತಿದ್ದಳು. ಹತ್ತುವುದಿಲ್ಲ, ಹಾರುವುದಿಲ್ಲ, ಕೂತರೆ ಕೂತಲ್ಲೇ. ‘ಜಾತಿ ಬೆಕ್ಕು ಅಂದ್ರೆ ನಿಮ್ಮ ಹಾಗೆ, ದುಡಿಯೋಲ್ಲ’ ಅಂತ ಅತ್ತೆ ಮಾವನಿಗೆ ಹೇಳಿದ್ದು ನೆನಪಿದೆ.

ಯಾರು ಕರೆದರೂ ಬರುತ್ತಿರಲಿಲ್ಲ. ಮಾವ ಕನ್ನಡದಲ್ಲಿ ಕರೆದರು, ಹಿಂದಿಯಲ್ಲಿ ಕರೆದರು, ಕೊನೆಗೆ ಸಂಸ್ಕೃತದಲ್ಲೂ ಕರೆದರು. ‘ಇದಕ್ಕೆ ಪಾರಸಿ ಭಾಷೆಯೇ ಆಗಬೇಕು’ ಅಂತ ತೀರ್ಮಾನ ಮಾಡಿದರು. ಅಜ್ಜಿ ‘ಅವಳು ಮೌನಿ’ ಅನ್ನುತ್ತಿದ್ದರು. ನಾನು ಅದಕ್ಕೆ ಕನ್ನಡ ಕಲಿಸಲು ಕೂತೆ. ಅಜ್ಜಿ ನನಗೆ ನೆಲದ ಮೇಲೆ ಸುಣ್ಣದಕಡ್ಡಿಯಲ್ಲಿ ಅಕ್ಷರ ತಿದ್ದಿಸುತ್ತಿದ್ದರು, ನಾನು ಗೌರಿಗೆ ಮಾತು ತಿದ್ದಿಸುತ್ತಿದ್ದೆ. ಒಂದು ದಿನ ಅಟ್ಟದಿಂದ ಹಿತ್ತಾಳೆಯ ಕೊಳಗ ಅದರ ಬೆನ್ನ ಹಿಂದೆಯೇ ಬಿತ್ತು. ಅಂಗಳವೆಲ್ಲ ಮೊಳಗಿತು, ಮಂಗಗಳು ಓಡಿದವು. ಗೌರಿಯ ಕಿವಿ ಅಲುಗಲಿಲ್ಲ. ಅದಕ್ಕೆ ಕಿವಿಯೇ ಕೇಳಿಸದು ಅಂತ ನನಗೆ ಆಗ ಗೊತ್ತಾಯಿತು. ಅಲ್ಲಿಂದ ನಾನು ಕರೆಯುವುದನ್ನು ಬಿಟ್ಟು ಕಾಲಿನಿಂದ ನೆಲ ತಟ್ಟತೊಡಗಿದೆ. ಮಹಡಿಯದು ಹಲಗೆಯ ನೆಲ, ಅದುರು ಅವಳ ಪಾದಕ್ಕೆ ತಾಗುತ್ತಿತ್ತು. ತಿರುಗಿ ನೋಡಿ ನಿಧಾನಕ್ಕೆ ಎದ್ದು ಬರುತ್ತಿದ್ದಳು. ಆ ಮನೆಯಲ್ಲಿ ನನ್ನ ಕಡೆಗೆ ನಡೆದು ಬಂದ ಜೀವ ಅದೊಂದೇ.

ಇನ್ನೊಂದು ಮಾತು. ಬೆಕ್ಕು ಮುಟ್ಟಿದರೆ ಮಡಿ ಕೆಡುವುದಿಲ್ಲ, ಅದು ಶಾಸ್ತ್ರ. ಹತ್ತು ವರ್ಷದ ಹುಡುಗಿ ಮುಟ್ಟಿದರೆ ಕೆಡುತ್ತದೆ. ಅಜ್ಜಿ ಬೆಳಿಗ್ಗೆ ಗಂಗೆಯಲ್ಲಿ ಮುಳುಗಿ ಬಂದ ಮೇಲೆ ಯಾರೂ ಅವರನ್ನು ಮುಟ್ಟುವ ಹಾಗಿರಲಿಲ್ಲ, ಗೌರಿಯ ಹೊರತು. ಅಜ್ಜಿ ಇದ್ದಿಲೊಲೆಯ ಮೇಲೆ ತಾವೇ ಬೇಯಿಸಿಕೊಂಡು, ಒಂದೇ ಹೊತ್ತು ಉಂಡು, ಗೌರಿಯ ತಲೆ ಸವರುತ್ತಿದ್ದರು. ಬಾಗಿಲಿನಾಚೆ ನಾನು ಕೂತಿರುತ್ತಿದ್ದೆ. ಆಮೇಲೆ ಗೌರಿ ಹೊಸ್ತಿಲು ದಾಟಿ ಬಂದು ನನ್ನ ಮಡಿಲಲ್ಲಿ ಮಲಗುತ್ತಿದ್ದಳು. ಅವಳ ತಲೆಯ ಮೇಲೆ ಅಜ್ಜಿಯ ಕೈಯ ವಿಭೂತಿ ಇರುತ್ತಿತ್ತು. ನಾನು ಅದರ ಮೇಲೆ ಕೈ ಇಡುತ್ತಿದ್ದೆ.

ಅಜ್ಜಿ ಉಂಡದ್ದೇ ಗೌರಿಗೆ. ಮೊಸರನ್ನ, ತುಪ್ಪದನ್ನ, ಏಕಾದಶಿಯ ದಿನ ಬರೀ ಹಾಲು. ಮೈಸೂರಿನಲ್ಲಿ ಇದ್ದಾಗ ಹಿತ್ತಲ ಬಾಗಿಲಲ್ಲಿ ಕೆಲಸದವಳು ಅದಕ್ಕೆ ಏನೇನೋ ಹಾಕುತ್ತಿದ್ದಳಂತೆ, ಅಜ್ಜಿ ಕಂಡೂ ಕಾಣದ ಹಾಗೆ ಇರುತ್ತಿದ್ದರಂತೆ. ಕಾಶಿಗೆ ಬಂದ ಮೇಲೆ ಅದೆಲ್ಲ ನಿಂತಿತು. ‘ಅವಳೂ ಕಾಶೀವಾಸಿ, ಅವಳಿಗೂ ವ್ರತ’ ಅಂದರು. ನನಗೆ ಅದು ಸರಿಯಾಗೇ ಕಂಡಿತು. ಮನೆಯಲ್ಲಿ ಎಲ್ಲರೂ ತಿನ್ನುವುದನ್ನು ಅದೂ ತಿನ್ನುತ್ತಿದೆ, ಇನ್ನೇನು?

ಮೊನ್ನೆ ನನ್ನ ಮೊಮ್ಮಗಳು ಪಿಂಕಿ ಮೊಬೈಲಿನಲ್ಲಿ ಜಾತಿ ಬೆಕ್ಕುಗಳನ್ನು ತೋರಿಸುತ್ತಿದ್ದಳು. ಅವಳಿಗೆ ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಬಾರದು. ಈಗ ಕಾಶಿಯಲ್ಲೂ ಅಂಗಡಿಯಲ್ಲಿ ಮಾರುತ್ತಾರಂತೆ. ಸಯಾಮಿ ಅಂತ ಒಂದು, ಅದು ಇಡೀ ದಿನ ಮಾತಾಡುತ್ತದೆ, ಒಂಟಿ ಬಿಟ್ಟರೆ ಕೊರಗುತ್ತದೆ. ಮೇನ್ ಕೂನ್ ಅಂತ ಒಂದು, ನಾಯಿಯಷ್ಟು ಎತ್ತರ, ಗುಣ ಮಾತ್ರ ಹಸುವಿನದು, ಅದಕ್ಕೆ ಎದೆಯ ಕಾಯಿಲೆ. ಬೆಂಗಾಲ್ ಅಂತ ಇನ್ನೊಂದು, ಚಿರತೆಯ ಚುಕ್ಕೆ, ಕೂತಲ್ಲಿ ಕೂರದು. ಪರ್ಷಿಯನ್ನಿಗೆ ಕಣ್ಣು, ಮೂಗು, ಕಿಡ್ನಿ, ಎಲ್ಲ ತೊಂದರೆ.

"ದಾದಿ, ಕೌನ್ ಸೀ ಲೇಂ?" ಅಂದಳು. ಅಜ್ಜಿ, ಯಾವುದನ್ನು ತರೋಣ ಅಂತ.

"ಯಾವುದಾದ್ರೂ ತಗೋ. ನೀನು ಮನೇಲಿ ಇರ್ತೀಯಾ, ಅದನ್ನ ಮೊದಲು ಹೇಳು," ಅಂದೆ. ಮೊಬೈಲು ಮುಚ್ಚಿದಳು.

ಎರಡನೆಯ ಚಳಿಗಾಲದಲ್ಲಿ ಗೌರಿ ಬಕೆಟ್ಟಿಗೆ ಹಣೆ ಹೊಡೆದುಕೊಂಡಳು. ನಾನು ನಕ್ಕೆ. ಮರುದಿನ ಹೊಸ್ತಿಲು ಎಡವಿದಳು. ಬಿಸಿಲಿನಲ್ಲೂ ಕಣ್ಣಿನ ಪಾಪೆ ದೊಡ್ಡದಾಗೇ ಇತ್ತು, ನೀಲಿ ಎಲ್ಲ ಕಪ್ಪಾಗಿ ಒಳಗಿನಿಂದ ಹೊಳೆಯುತ್ತಿತ್ತು. ಪಕ್ಕದ ಮನೆಯ ಎಮ್ಮೆಯನ್ನು ನೋಡಲು ದನದ ಡಾಕ್ಟರು ಬಂದಿದ್ದರು. ಬಂಗಾಲಿ, ಜನಿವಾರದವರು, ಆದರೆ ಮೀನು ತಿನ್ನುವ ಜನಿವಾರ. ಮನೆ ಗಂಗೆಯಾಚೆ ರಾಮನಗರದಲ್ಲಿ. ನಾನು ಹೋಗಿ ಅವರ ಅಂಗಿ ಹಿಡಿದು ಕರೆತಂದೆ. ಅವರು ಗೌರಿಯ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಹಿಂದಿಯಲ್ಲಿ ಕೇಳಿದರು.

"ಏನು ತಿನ್ನಿಸ್ತೀರಿ?"

"ಮೊಸರನ್ನ. ಏಕಾದಶಿ ದಿನ ಹಾಲು."

"ಏಕಾದಶಿ!" ಡಾಕ್ಟರು ಜೋರಾಗಿ ನಕ್ಕರು. ನಾವು ನಗದಿದ್ದದ್ದು ನೋಡಿ ನಿಲ್ಲಿಸಿದರು. "ಬಿಟಿಯಾ, ಇದು ಹಸು ಅಲ್ಲ. ಮೀನು ಮಾಂಸ ಇಲ್ಲದಿದ್ರೆ ಬೆಕ್ಕಿನ ಕಣ್ಣಿನ ಒಳಪರದೆ ಸಾಯುತ್ತೆ. ಆಮೇಲೆ ಎದೆ ಹಿಡಿಯುತ್ತೆ."

"ಔಷಧ ಕೊಡಿ."

"ಮೀನೇ ಔಷಧ. ಹೋದ ದೃಷ್ಟಿ ಬರಲ್ಲ. ಉಳಿದಿರೋದು ಉಳೀಬಹುದು." ಗೌರಿಯ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು. "ಕಿವಿ ಹುಟ್ಟಿನಿಂದಲೇ ಇಲ್ಲ. ಬಿಳಿ ಮೈ, ನೀಲಿ ಕಣ್ಣು ಇದ್ದವಕ್ಕೆ ಎಷ್ಟೋ ಸಲ ಹೀಗೆ. ಕಣ್ಣೂ ಹೋದರೆ ಇದಕ್ಕೆ ಲೋಕ ಅಂತ ಏನು ಉಳಿಯುತ್ತೆ?"

ಅತ್ತೆ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದರು. "ಪಿಂಡದನ್ನ ಬೇಯೋ ಮನೇಲಿ ಮೀನೇ? ವಾಸನೆ ಗಲ್ಲಿಗೆ ಹೋದರೆ ನಾಳೆ ಒಬ್ಬ ಯಾತ್ರಿಕ ಈ ಹೊಸ್ತಿಲು ತುಳಿಯಲ್ಲ," ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಡಾಕ್ಟರು ಹಾಗಾದರೆ ನನಗೆ ಕೊಡಿ ಅಂದರು. ಅವರ ಮನೆಯಲ್ಲಿ ದಿನಾ ಹೊಳೆಯ ಮೀನು ಬರುತ್ತದೆ, ಹೆಂಡತಿಗೆ ಬೆಕ್ಕು ಅಂದರೆ ಪ್ರಾಣ. ಅಜ್ಜಿ ಅಷ್ಟು ಹೊತ್ತೂ ಗೋಡೆಯ ಕಡೆ ತಿರುಗಿ ಜಪ ಮಾಡುತ್ತಿದ್ದರು. ಡಾಕ್ಟರು ಇಳಿದು ಹೋದ ಮೇಲೆ ಮಣಿ ಕೆಳಗಿಟ್ಟರು.

"ರಾಮನಗರ ಅಂದ್ರೆ ವ್ಯಾಸಕಾಶಿ. ಅಲ್ಲಿ ಸತ್ತೋರಿಗೆ ಕತ್ತೆ ಜನ್ಮ. ಅಷ್ಟು ದೂರದಿಂದ ಎತ್ತಿಕೊಂಡು ಬಂದದ್ದು ಅವಳನ್ನ ಕತ್ತೆ ಮಾಡೋದಕ್ಕಲ್ಲ."

"ಕಣ್ಣು ಹೋಗುತ್ತಂತಲ್ಲ ಅಜ್ಜಿ."

"ಹೋಗಲಿ. ಇಲ್ಲಿ ಸತ್ತರೆ ಇನ್ನೊಂದು ಜನ್ಮವೇ ಇಲ್ಲ. ಕಣ್ಣು ಯಾಕೆ ಆಮೇಲೆ?"

"ಮುಕ್ತಿ ಕೊಡಿಸಿ ಅಂತ ಗೌರಿ ಕೇಳಿದ್ಳಾ?"

ಅಜ್ಜಿ ಮಡಿಯಲ್ಲಿದ್ದರು, ಇಲ್ಲದಿದ್ದರೆ ಹೊಡೆಯುತ್ತಿದ್ದರು. "ಬಾಯಿ ಬಂದಿದೆ ನಿಂಗೆ. ಹೋಗು ಆಚೆ," ಅಂದರು. ನಾನು ಹೋಗಿ ಮೆಟ್ಟಿಲ ಮೇಲೆ ಕೂತೆ. ಅಲ್ಲಿ ಕೂತು ಯೋಚಿಸಿದ್ದನ್ನು ಹೇಳಿಬಿಡುತ್ತೇನೆ: ಅಜ್ಜಿ ಒಪ್ಪದಿರುವುದೇ ಒಳ್ಳೆಯದು, ಕುರುಡಾದರೆ ಗೌರಿ ನನ್ನನ್ನು ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ. ಆ ವಯಸ್ಸಿನ ಒಂಟಿ ಹುಡುಗಿ ಹಾಗೇ ಯೋಚಿಸುವುದು. ಆದರೆ ಡಾಕ್ಟರು ಕೇಳಿದ ಪ್ರಶ್ನೆ ಹೋಗಲಿಲ್ಲ. ನಾನು ಎರಡೂ ಕಿವಿಗೆ ಬೆರಳಿಟ್ಟು, ಕಣ್ಣು ಮುಚ್ಚಿ ಕೂತು ನೋಡಿದೆ. ಬಹಳ ಹೊತ್ತು ಕೂರಲು ಆಗಲಿಲ್ಲ.

ಮುಂದಿನ ಕೆಲವು ದಿನ ಅಜ್ಜಿ ನನಗೆ ಅಕ್ಷರ ತಿದ್ದಿಸಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅಜ್ಜಿ ಉಂಡು, ನಾನು ಮಾಡುವ ಹಾಗೆ ಕಾಲಿನಿಂದ ನೆಲ ತಟ್ಟಿದರು. ಗೌರಿ ಎದ್ದಳು. ಬಂದಳು, ಆದರೆ ಅಜ್ಜಿಯ ಕಡೆಗಲ್ಲ. ಕೋಣೆಯ ಇನ್ನೊಂದು ಬದಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತು, ತಲೆ ಸವರಲಿ ಅಂತ ಹಣೆ ಮುಂದೆ ಮಾಡಿದಳು. ಯಾರೂ ಸವರಲಿಲ್ಲ. ಅವಳು ಕಾಯುತ್ತಾ ಕೂತಳು. ಅಜ್ಜಿ ಏಳಲು ಹೋದರು, ಏಳಲಿಲ್ಲ. ಎಂಜಲು ಕೈ ಹಾಗೇ ಒಣಗುವ ತನಕ ನೋಡುತ್ತಿದ್ದರು.

"ಸೀತೀ," ಅಂದರು ಬಾಗಿಲಿನಾಚೆ ಇದ್ದ ನನ್ನನ್ನು. "ನಾಳೆ ನಾವೆಯವನಿಗೆ ಹೇಳು. ನಾನು ಗಡಿ ದಾಟೋ ಹಾಗಿಲ್ಲ. ನೀನೇನೂ ಸಂಕಲ್ಪ ಮಾಡಿಲ್ಲವಲ್ಲ."

"ಕತ್ತೆ ಆದರೆ?"

"ಆದರೆ ಆಗಲಿ. ಕತ್ತೆಗೆ ಕಣ್ಣು ಕಾಣುತ್ತೆ."

ಬೆತ್ತದ ಬುಟ್ಟಿಯನ್ನು ಅಜ್ಜಿ ಘಾಟಿನ ತನಕ ಬಂದು ಕಳಿಸಲಿಲ್ಲ, ಕೋಣೆಯ ಬಾಗಿಲಲ್ಲೇ ಕೊಟ್ಟರು. ನಮ್ಮ ಯಾತ್ರಿಕರನ್ನು ಕರೆದೊಯ್ಯುವ ನಾವೆಯವ, ಮಲ್ಲಾಹ, ಬೆಳಿಗ್ಗೆ ಬೆಳಿಗ್ಗೆ ರಾಮನಗರದ ತರಕಾರಿಯವರನ್ನು ತರಲು ಖಾಲಿ ನಾವೆ ಒಯ್ಯುತ್ತಿದ್ದ. ಅವನು ಬುಟ್ಟಿಯೊಳಗೆ ಇಣುಕಿದ.

"ಉ ಪಾರ್ ಮರೀ ತ ಗದಹಾ ಹೋಈ, ಬಚಿಯಾ." ಆಚೆ ಸತ್ತರೆ ಕತ್ತೆಯಾಗುತ್ತದೆ ಮಗೂ, ಅಂತ.

"ನಿನ್ನ ಹೆಂಡತಿ ಆ ಕಡೆಯವಳೇ ಅಲ್ವಾ?" ಅಂದೆ ಹಿಂದಿಯಲ್ಲಿ.

"ಅವಳು ಈಗಲೇ ಒದೀತಾಳೆ," ಅಂದು ನಗುತ್ತಾ ಹುಟ್ಟು ಹಾಕಿದ. ನೀರಿನ ಮೇಲೆ ಮಂಜಿತ್ತು. ಆಚೆ ದಡದ ರಾಮನಗರದ ಕೋಟೆ ಹತ್ತಿರ ಬರುವ ತನಕ ಕಾಣಲಿಲ್ಲ.

ಡಾಕ್ಟರ ಹೆಂಡತಿ ದಪ್ಪನೆಯ, ದೊಡ್ಡ ಬೊಟ್ಟಿನ ಹೆಂಗಸು. ಮುಳ್ಳು ತೆಗೆದು, ಉಪ್ಪು ಹಾಕದೆ ಬೇಯಿಸಿದ ರೋಹು ಮೀನಿನ ತುಂಡನ್ನು ತಟ್ಟೆಯಲ್ಲಿ ತಂದಿಟ್ಟರು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಗೌರಿ ಮೂಸಿದಳು, ಮುಖ ತಿರುಗಿಸಿದಳು. ಒಂದೂವರೆ ವರ್ಷ ಮೊಸರನ್ನ ತಿಂದವಳಿಗೆ ಅದು ತಿನ್ನುವ ವಸ್ತು ಅಂತಲೇ ತೋರಲಿಲ್ಲ. ಮಂಚದಡಿ ಮೂಲೆಗೆ ಹೋಗಿ ಕೂತುಬಿಟ್ಟಳು. ಬಗ್ಗಿ ನೋಡಿದೆವು, ಕಾದೆವು. ಇಲ್ಲ. ಡಾಕ್ಟರು ನನ್ನಿಂದ ಮುಚ್ಚಿಡಲಿಲ್ಲ: ಇಂಥ ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರು ಕೆಟ್ಟುಹೋಗುತ್ತದೆ, ಆಮೇಲೆ ಉಳಿಸುವುದು ಕಷ್ಟ ಅಂದರು. ನಾನು ಖಾಲಿ ಬುಟ್ಟಿ ಹಿಡಿದು ನಾವೆ ಹತ್ತಿದೆ.

ಮನೆಗೆ ಬಂದಾಗ ಅಜ್ಜಿ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದರು.

"ತಿಂದಳಾ?"

"ಇಲ್ಲ."

ಅಜ್ಜಿ ಆ ದಿನ ಇದ್ದಿಲೊಲೆ ಹಚ್ಚಲಿಲ್ಲ. ಅವರ ಕೋಣೆಯಲ್ಲಿ ಒಂದು ಸದ್ದಿಲ್ಲ. ಗೌರಿಯ ಗೊರಗೊರ ಇಲ್ಲದೆ ಆ ಮಹಡಿ ಬೇರೆ ಯಾರದೋ ಮನೆಯ ಹಾಗಿತ್ತು.

ಮಾರನೇ ಬೆಳಿಗ್ಗೆ ನಾನು ಯಾರನ್ನೂ ಕೇಳಲಿಲ್ಲ. ಅಡಿಗೆಮನೆಯ ನೆಲುವಿನಿಂದ ರಾತ್ರಿಯ ಅನ್ನ ಇಳಿಸಿ, ಮೊಸರು ಹಾಕಿ, ದೊನ್ನೆಗೆ ತುಂಬಿ, ಸೆರಗಿಲ್ಲದ ಲಂಗದ ಮಡಿಲಲ್ಲಿ ಇಟ್ಟುಕೊಂಡು ಮಲ್ಲಾಹನ ನಾವೆಯಲ್ಲಿ ಕೂತೆ. ಡಾಕ್ಟರ ಮನೆಯಲ್ಲಿ ಗೌರಿ ಹಿಂದಿನ ದಿನ ಕೂತ ಮೂಲೆಯಲ್ಲೇ ಇದ್ದಳು. ಮೀನು ತನ್ನಿ ಅಂದೆ. ಅವರ ಹೆಂಡತಿ ಚಮಚ ಕೊಡಲು ಬಂದರು, ಬೇಡ ಅಂದೆ. ಚಮಚದ ವಾಸನೆಗೆ ಅವಳು ಬರುವುದಿಲ್ಲ. ನನ್ನ ಕೈಯಿಂದಲೇ ಮೀನನ್ನು ಹಿಸುಕಿದೆ, ಮೊಸರನ್ನದಲ್ಲಿ ಚೆನ್ನಾಗಿ ಕಲಸಿದೆ, ಒಂದು ತುತ್ತು ಅಂಗೈಯಲ್ಲಿಟ್ಟು ಮಂಚದಡಿ ಚಾಚಿ, ಕಾಲಿನಿಂದ ನೆಲ ತಟ್ಟಿದೆ. ಅದು ಗಾರೆಯ ನೆಲ, ಅದುರಿತೋ ಇಲ್ಲವೋ ತಿಳಿಯದು. ಬಹಳ ಹೊತ್ತು ಏನೂ ಆಗಲಿಲ್ಲ. ತೋಳು ಜೋಮು ಹಿಡಿಯಿತು. ಆಮೇಲೆ ಬೆರಳಿಗೆ ಉಸಿರು ತಾಗಿತು, ಗೊರಗೊರ ಅಂತ. ತಿಂದಳು. ದೊನ್ನೆ ಪೂರ್ತಿ ತಿಂದಳು, ನನ್ನ ಬೆರಳ ಸಂದಿಯನ್ನೂ ಬಿಡಲಿಲ್ಲ. ಡಾಕ್ಟರ ಹೆಂಡತಿ ‘ಖಾ ಲಿಯಾ, ಖಾ ಲಿಯಾ’ ಅಂತ ಕೂಗಿ ಗಂಡನನ್ನು ಕರೆದರು. ನಾಳೆಯಿಂದ ನಾನೇ ಹೀಗೆ ಕಲಸುತ್ತೇನೆ, ಅನ್ನ ಕಡಿಮೆ ಮಾಡುತ್ತಾ ಬರುತ್ತೇನೆ ಅಂದರು. ನೀನು ಇನ್ನು ಬರಬೇಡ ಮಗೂ, ನಿನ್ನ ವಾಸನೆ ಬರುತ್ತಿದ್ದರೆ ನನ್ನ ಕೈಯಲ್ಲಿ ಅವಳು ತಿನ್ನುವುದಿಲ್ಲ ಅಂದರು. ಸರಿ ಅಂದೆ. ನಾವೆ ನಡುಹೊಳೆಗೆ ಬಂದಾಗ ಅಂಚಿನಿಂದ ಬಗ್ಗಿ ಕೈ ತೊಳೆದೆ. ಮನೆಯಲ್ಲಿ ಅಂದು ದೊಡ್ಡ ತಿಥಿ, ಧಾರವಾಡದ ಕಡೆಯ ಹೊಸ ಯಾತ್ರಿಕರು ಅಂಗಳ ತುಂಬ ಇದ್ದರು. ಅತ್ತೆ ‘ಎಲ್ಲಿ ಸತ್ತಿದ್ದೆ?’ ಅಂದು ಮೊರದ ತುಂಬ ಅಕ್ಕಿ ಸುರಿದು ಕೂರಿಸಿದರು. ಅಜ್ಜಿ ಮೆಟ್ಟಿಲ ಮೇಲಿನಿಂದಲೇ ಕೇಳಿದರು.

"ತಿಂದಳಾ?"

"ತಿಂದಳು."

"ಏನನ್ನ?"

"ಮೊಸರನ್ನ," ಅಂದೆ. ಸುಳ್ಳಲ್ಲ. ಅಜ್ಜಿ ನನ್ನ ಕೈಯನ್ನೇ ನೋಡಿದರು. ಎದ್ದು ಹೋಗಿ ಇದ್ದಿಲೊಲೆ ಹಚ್ಚಿದರು. ನಾನು ಆ ಕೈಯಲ್ಲೇ ಪಿಂಡದ ಅಕ್ಕಿಯ ಕಲ್ಲು ಆರಿಸಿದೆ.